ಒಂದು ಮೆಟ್ಟಿಲು ಹೆಚ್ಚು

ಬುದ್ಧಿ ಇರುವವನಿಗೆ ಬುದ್ಧಿವಂತನೆಂಬ ಹೆಸರು ಬರುವುದು ತಡವಾಗಿ. ಬುದ್ಧಿಯನ್ನು ಮಾರಲು ಕಲಿತವನಿಗೆ ಅದು ಬಹು ಬೇಗ ಬರುತ್ತದೆ. ಈ ಹುಡುಗನನ್ನು ಬೀದಿಯವರೆಲ್ಲ ‘ಜಾಣ’ ಎಂದು ಕರೆಯತೊಡಗಿದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಯಾರಾದರೂ ಒಂದು ಬಿಸ್ಕತ್ತು ಕೊಟ್ಟರೆ ಅವನು ಎರಡನೆಯದನ್ನು ಕೇಳುತ್ತಿರಲಿಲ್ಲ. ಕೊಟ್ಟವರ ಕೈಚೀಲವನ್ನು ತಾನೇ ಹೊತ್ತು ಅವರ ಮನೆಯವರೆಗೆ ನಡೆದು, ಬರುವಾಗ ಪೊಟ್ಟಣವನ್ನೇ ತರುತ್ತಿದ್ದ. ಅಮ್ಮ ಅದನ್ನು ನೆರೆಯವರ ಮುಂದೆ ಹೇಳಿ ಹೇಳಿ ನಗುತ್ತಿದ್ದಳು. ಮಕ್ಕಳ ಯಾವ ಗುಣಕ್ಕೆ ನಾವು ನಗುತ್ತೇವೆಯೋ ಆ ಗುಣದ ಬುಡಕ್ಕೆ ನೀರೆರೆದಂತೆಯೇ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಈಗ ಜಾಣ ಟೈಲ್ಸ್ ಅಂಗಡಿಯಲ್ಲಿ ಮಾರಾಟಗಾರ. ಅವನ ವಯಸ್ಸಿನವರೇ ಗಂಡಹೆಂಡಿರಾಗಿ ಬಂದು, ತಮ್ಮ ಸ್ವಂತ ಮನೆಯ ಬಚ್ಚಲಿಗೆ ನೀಲಿಯೋ ಬೂದಿಯೋ ಎಂದು ಹುಸಿಜಗಳ ಆಡುತ್ತಿದ್ದರು. ಅವನು ಮೊಣಕಾಲೂರಿ ಅವರ ಕಾಲ ಬುಡದಲ್ಲಿ ಟೈಲ್ಸ್ ಜೋಡಿಸಿ ತೋರಿಸುತ್ತಿದ್ದ. “ಮೇಲೆ ನಿಂತು ನೋಡಿ ಮೇಡಂ, ಆವಾಗ ಗೊತ್ತಾಗತ್ತೆ” ಎನ್ನುತ್ತಿದ್ದ. ಮೇಲೆ ನಿಂತು ನೋಡುವ ಆಸೆ ಅವನ ಎದೆಯಲ್ಲಿ ಬೇರು ಬಿಟ್ಟದ್ದು ಹೀಗೆ. ಆಸೆಯಲ್ಲಿ ತಪ್ಪೇನಿಲ್ಲ. ತಲೆಯ ಮೇಲೊಂದು ಸ್ವಂತ ಸೂರು ಬೇಕೆನ್ನುವುದು ಹಕ್ಕಿಗೂ ಇರುವ ಆಸೆ. ಆದರೆ ಹಕ್ಕಿಗೆ ಒಂದು ಗೂಡಾದರೆ ಸಾಕು.

ರಜೆಯ ದಿನಗಳಲ್ಲಿ ಅವನು ಒಂದು ಪಾಠಕ್ಕೆ ಹೋಗತೊಡಗಿದ. ಹೋಟೆಲೊಂದರ ಮೇಲಂತಸ್ತಿನ ಸಭಾಂಗಣದಲ್ಲಿ, ‘ಮೂವತ್ತಕ್ಕೆ ಮುನ್ನ ಮೊದಲ ಮನೆ’ ಎಂಬ ಬಟ್ಟೆಯ ಫಲಕದ ಕೆಳಗೆ, ಆಸ್ತಿಯಲ್ಲಿ ಹಣ ಹೂಡುವ ವಿದ್ಯೆಯನ್ನು ಎಳೆಯರಿಗೆ ಕಲಿಸುತ್ತಿದ್ದವನು ಒಬ್ಬ ಮಾಜಿ ದಲ್ಲಾಳಿ. ಎಲ್ಲರೂ ಅವನನ್ನು ‘ಮೇಷ್ಟ್ರು’ ಎನ್ನುತ್ತಿದ್ದರು. ಅಕ್ಷರ ತಿದ್ದಿಸಿ, ಕಿವಿ ಹಿಂಡಿ, ಸುಳ್ಳಾಡಿದರೆ ಬೆಂಚಿನ ಮೇಲೆ ನಿಲ್ಲಿಸಿದವರಿಗೆ ಸಲ್ಲಬೇಕಾದ ಆ ಹೆಸರು ಇಂಥವನಿಗೆ ಸಂದದ್ದು ನಮ್ಮ ಕಾಲದ ಮಹಿಮೆ.

“ತುಂಬಿದ ಮನೆಗೆ ಅರ್ಧ ಬೆಲೆ, ಖಾಲಿ ಮನೆಗೆ ಪೂರ್ತಿ ಬೆಲೆ,” ಎನ್ನುತ್ತಿದ್ದ ಮೇಷ್ಟ್ರು. “ಹಳೇ ಬಾಡಿಗೆದಾರ ಒಳಗೆ ಕೂತಿದ್ರೆ ಆ ಮನೇನ ಯಾರೂ ಮೂಸಿ ನೋಡಲ್ಲ. ನೀವು ಅದನ್ನೇ ತಗೊಳ್ಳಿ. ಖಾಲಿ ಮಾಡ್ಸಿ, ಮಾರಿ. ಮಧ್ಯದಲ್ಲಿರೋ ಅರ್ಧ ಯಾರದು?”

“ನಮ್ದು ಸರ್!” ಎಂದು ಸಭೆ ಕೂಗುತ್ತಿತ್ತು.

“ಹಾಗಂತ ಯಾರನ್ನೂ ಬೀದಿಗೆ ದಬ್ಬೋ ಹಾಗಿಲ್ಲ. ನೀರು ನಿಲ್ಲಿಸೋ ಹಾಗಿಲ್ಲ, ಕರೆಂಟು ಕೀಳೋ ಹಾಗಿಲ್ಲ. ಕಾನೂನು ಕಣ್ಣು ಕೆಕ್ಕರಿಸತ್ತೆ. ನೀವು ಮನೆಯನ್ನ ಸುಧಾರಿಸಿ! ಸುಧಾರಣೆ ಮಾಡ್ಬೇಡ ಅಂತ ಯಾವ ಕೋರ್ಟು ಹೇಳತ್ತೆ?”

“ಸುಧಾರಿಸಿದ್ರೆ ಅವ್ರು ಇನ್ನೂ ಗಟ್ಟಿಯಾಗಿ ಅಂಟ್ಕೊಳಲ್ವಾ ಸರ್?” ಹಿಂದಿನ ಸಾಲಿನಿಂದ ಯಾರೋ ಕೇಳಿದರು.

“ಅಯ್ಯೋ ಮಂಕೇ! ಬಾಡಿಗೆದಾರ ಮನೆಯನ್ನ ಹಿಡ್ಕೊಂಡಿರ್ತಾನೆ ಅಂದ್ಕೊಂಡಿದೀಯಾ? ಮನೇಲಿರೋ ಯಾವ್ದೋ ಒಂದು ಅವನನ್ನ ಹಿಡ್ಕೊಂಡಿರತ್ತೆ. ಆ ಹಿಡಿತ ಎಲ್ಲಿದೆ ನೋಡು. ಅದನ್ನ ಸುಧಾರಿಸು. ನನ್ನ ಒಂದು ಮನೇಲಿ ಒಬ್ಬ ಮುದುಕ ಇದ್ದ. ಹಿತ್ತಿಲ ಕಲ್ಲುಬೆಂಚಿನ ಮೇಲೆ ಕೂತು ಹೆಂಡತಿ ಫೋಟೋ ಜೊತೆ ಮಾತಾಡೋನು. ಬೆಂಚಿನ ಪಕ್ಕದಲ್ಲೇ ಹೊಸ ಪಂಪ್‌ಸೆಟ್ ಹಾಕಿಸ್ದೆ. ಹಗಲೆಲ್ಲ ಗುಂಯ್ ಅಂತ. ಹೆಂಡತಿ ಮಾತು ಕೇಳಿಸ್ದೆ ಮುದುಕ ತಾನಾಗೇ ಬಂದು ಬೀಗದಕೈ ಕೊಟ್ಟ. ಹೋಗ್ತಾ ಥ್ಯಾಂಕ್ಸ್ ಬೇರೆ ಹೇಳ್ದ!”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಜಾಣನೂ ನಕ್ಕ. ಆ ನಗುವಿನಲ್ಲಿ ಅವನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾಗದು. ನೂರು ಜನ ನಕ್ಕಾಗ ಪಾಪ ನೂರು ಪಾಲಾಗುತ್ತದೆಂದು ಪ್ರತಿಯೊಬ್ಬನೂ ಭಾವಿಸುತ್ತಾನೆ, ಆದರೆ ಅದು ಪ್ರತಿಯೊಬ್ಬನಿಗೂ ಇಡಿಯಾಗಿಯೇ ಸಲ್ಲುತ್ತದೆ.

ಜಾಣ ಮತ್ತು ಅವನ ಅಮ್ಮ ಇದ್ದದ್ದು ಬಾಡಿಗೆ ಮನೆಯಲ್ಲಿ. ಸಾಲುಮನೆಗಳ ನಡುವೆ ಒತ್ತಿಕೊಂಡು ನಿಂತ ಹಳೆಯ ಕಟ್ಟಡ: ಕೆಳಗೆ ನಡುಮನೆ, ಅಡುಗೆಮನೆ, ಮರದ ಮೆಟ್ಟಿಲು ಹತ್ತಿದರೆ ಬೀದಿಯತ್ತ ಕಿಟಕಿಯಿದ್ದ ಒಂದು ಕೋಣೆ. ಅಮ್ಮ ಮದುವೆಯಾಗಿ ಬಂದದ್ದು ಆ ಮನೆಗೆ, ಗಂಡನನ್ನು ಕಳಕೊಂಡದ್ದು ಆ ಮನೆಯಲ್ಲಿ. ಮೇಲಿನ ಕಿಟಕಿಯ ಬಳಿ ಕುಳಿತು ಅವಳು ಉಣ್ಣೆಯಂಗಡಿಗೆ ಸ್ವೆಟರ್ ಹೆಣೆದು ಕೊಡುತ್ತಿದ್ದಳು. ಅವಳ ಹೆಣಿಗೆಯಲ್ಲಿ ಒಂದು ಕುಣಿಕೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಯಾರಿಗೂ ತಿಳಿಯದ ಸಂಗತಿಯೆಂದರೆ, ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ಒಮ್ಮೆಲೇ ಹೋದದ್ದಲ್ಲ, ಹಳೆಯ ಬಟ್ಟೆಯ ಬಣ್ಣ ಹೋದಂತೆ ಹೋಗುತ್ತ ಹೋಗುತ್ತ, ಕೊನೆಗೆ ಬಿಸಿಲಿದೆ ಇಲ್ಲ ಎಂಬಷ್ಟೇ ಉಳಿದಿತ್ತು. ನರ ಒಣಗಿದೆ, ಮದ್ದಿಲ್ಲ ಎಂದಿದ್ದರು ವೈದ್ಯರು. ತಿಳಿದರೆ ಉಣ್ಣೆಯಂಗಡಿಯವರು ಕೆಲಸ ನಿಲ್ಲಿಸುತ್ತಾರೆಂದು ಒಂದು ಭಯ. ಅಕ್ಕ ಬಂದು ಕೈಹಿಡಿದು ಕರೆದೊಯ್ದು ತನ್ನ ಮನೆಯ ಹಿಂಗೋಣೆಯಲ್ಲಿ ಕೂರಿಸುತ್ತಾಳೆಂದು ಇನ್ನೊಂದು, ಮೊದಲಿನದಕ್ಕಿಂತ ದೊಡ್ಡ ಭಯ. “ಅಲ್ಲಿ ನಾನು ಮೂಲೇಲಿಟ್ಟ ಮಡಕೆ ಮಗಾ. ಇಲ್ಲಿ ನಾನು ಮನುಷ್ಯಳು” ಎನ್ನುತ್ತಿದ್ದಳು. ಏಕೆಂದರೆ ಈ ಮನೆಯಲ್ಲಿ ಅವಳಿಗೆ ಕಣ್ಣಿತ್ತು. ಬಾಗಿಲು ಯಾವ ಕಡೆ ತೆರೆಯುತ್ತದೆ, ಉಪ್ಪಿನ ಭರಣಿಯ ಗೂಡು ಎಷ್ಟು ಎತ್ತರ, ಹೊಸಿಲು ಎಲ್ಲಿ ಸವೆದಿದೆ, ಮೆಟ್ಟಿಲು ಎಲ್ಲಿ ಮುಗಿದು ನೆಲ ಎಲ್ಲಿ ಸಿಗುತ್ತದೆ, ಎಲ್ಲವೂ ಅವಳ ಕೈಗೆ ಕಾಲಿಗೆ ಕಂಠಪಾಠ. ತುಂಬಿದ ಚಹದ ಲೋಟ ಹಿಡಿದು ಒಂದು ಹನಿ ತುಳುಕದೆ ಮಹಡಿಗೆ ಏರುತ್ತಿದ್ದಳು. ಹೊರಗೆ ಹೋಗುವಾಗ ಮಾತ್ರ ಮಗನ ತೋಳು. “ನೋಡಪ್ಪಾ ಗತ್ತು! ಮಗನ ತೋಳಿಲ್ಲದೆ ಮಹಾರಾಣಿ ಬೀದಿಗೆ ಇಳಿಯಲ್ಲ” ಎಂದು ಪಕ್ಕದ ಇಸ್ತ್ರಿ ಅಂಗಡಿಯಾಕೆ ಛೇಡಿಸುತ್ತಿದ್ದಳು. ಅಮ್ಮ ನಗುತ್ತಿದ್ದಳು. ಗುಟ್ಟು ಗತ್ತಾಗಿ ಕಾಣುವುದು ಅವಳಿಗೆ ಅನುಕೂಲವೇ ಆಗಿತ್ತು.

ಗುಟ್ಟು ಗೊತ್ತಿದ್ದದ್ದು ಮಗನೊಬ್ಬನಿಗೆ. ಉಣ್ಣೆಯ ಉಂಡೆ ಬಂದಾಗ ಅವಳು ಕೈಯಲ್ಲಿ ಹಿಡಿದು ಕೇಳುತ್ತಿದ್ದಳು: “ಇದು ಯಾವ ಬಣ್ಣ ಮಗಾ?” ಅವನು ಹೇಳುತ್ತಿದ್ದ. ಅವನು ಕೆಂಪೆಂದರೆ ಕೆಂಪು, ಹಸಿರೆಂದರೆ ಹಸಿರು. ಮರುಪ್ರಶ್ನೆ ಇರಲಿಲ್ಲ. ಲೋಕದ ಬಣ್ಣಗಳೆಲ್ಲ ಅವಳಿಗೆ ಆ ಒಂದು ಬಾಯಿಯಿಂದ ಬರುತ್ತಿದ್ದವು.

ಹಳೆಯ ಯಜಮಾನರು ಒಂದು ದಿನ ಬಂದು, “ತಾಯೀ, ಮನೆ ಮಾರ್ತಾ ಇದೀನಿ. ನೀವು ಗಾಬರಿ ಆಗ್ಬೇಡಿ. ಯಾರೇ ತಗೊಂಡ್ರೂ ನೀವಿರೋವರೆಗೆ ನಿಮ್ಮನ್ನ ಎಬ್ಬಿಸೋಕಾಗಲ್ಲ, ಕಾನೂನು ಹಾಗಿದೆ. ಅದಕ್ಕೇ ಬೆಲೆನೂ ಅರ್ಧ ಕೇಳ್ತಿದಾರೆ” ಎಂದು ಹೇಳಿಹೋದರು. ಅಮ್ಮನ ಕಿವಿಗೆ ಬಿದ್ದದ್ದು ‘ಎಬ್ಬಿಸೋಕಾಗಲ್ಲ’ ಎಂಬ ಮಾತು. ಮಗನ ಕಿವಿಗೆ ಬಿದ್ದದ್ದು ‘ಅರ್ಧ’.

ಅವನು ಮೇಷ್ಟ್ರ ಬಳಿಗೆ ಓಡಿದ. ಮೇಷ್ಟ್ರು ಚಹ ಕುಡಿಯುತ್ತಿದ್ದ.

“ಒಳಗೆ ಯಾರಿದಾರೆ?”

“ನಮ್ಮಮ್ಮ, ಸರ್.”

ಮೇಷ್ಟ್ರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. “ಬಾಡಿಗೆ ಕರಾರಿನಲ್ಲಿ ಅಮ್ಮ ಅಂತ ಕಾಲಂ ಇದ್ಯಾ?”

“ಇಲ್ಲ ಸರ್.”

“ಮತ್ತೆ?”

“ಕೇಳಿ ನೋಡ್ಲಾ ಸರ್? ನನಗೋಸ್ಕರ ಒಪ್ಕೋಬಹುದು.”

“ಕೇಳಿದ್ರೆ ಅಳ್ತಾರೆ. ಅತ್ತರೆ ನೀನು ಕರಗ್ತೀಯ. ಕರಗಿದೋನು ಬ್ಯಾಂಕಿನ ಕಂತು ಕಟ್ಟಲ್ಲ. ನೋಡು ಮರಿ, ನೀನೇನು ಅವ್ರನ್ನ ಬಾವಿಗೆ ತಳ್ತಾ ಇದೀಯಾ? ನಾಳೆ ಅರಮನೇಲಿ ಇಡ್ತೀಯ. ಇವತ್ತು ಒಂದು ಮೆಟ್ಟಿಲು ಅಷ್ಟೇ.” ಮೇಷ್ಟ್ರು ಮುಂದಕ್ಕೆ ಬಾಗಿದ. “ಹಿಡಿತ ಏನು, ಅದನ್ನ ಹೇಳು. ಬೇರೆಯವರಿಗೆ ಅದನ್ನ ಕಂಡ್ಹಿಡಿಯೋಕೆ ವರ್ಷ ಬೇಕು. ನೀನು ಪುಣ್ಯವಂತ, ಹುಟ್ಟಿದಾಗಿಂದ ನೋಡಿದೀಯ.”

ಜಾಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆ ಸುಮ್ಮನಿದ್ದ ಹೊತ್ತನ್ನು ಅವನ ಖಾತೆಗೆ ಜಮಾ ಮಾಡೋಣ. ಅವನ ಪುಣ್ಯ ಅಷ್ಟೇ. ಅನಂತರ ಅವನು ಹೇಳಿದ. ಕುರುಡನ್ನು ಹೇಳಿದ, ಕೈಯ ಕಣ್ಣನ್ನು ಹೇಳಿದ, ಬಾಗಿಲು, ಗೂಡು, ಹೊಸಿಲು, ಮೆಟ್ಟಿಲು ಎಲ್ಲವನ್ನೂ ಅಂಗಡಿಯಲ್ಲಿ ಮಾದರಿ ಜೋಡಿಸಿ ತೋರಿಸುವಂತೆ ಒಂದೊಂದಾಗಿ ಜೋಡಿಸಿ ಹೇಳಿದ. ಮೇಷ್ಟ್ರ ಚಹ ಆರಿಹೋಯಿತು.

“ಭೇಷ್,” ಎಂದ ಮೇಷ್ಟ್ರು ನಿಜವಾದ ಗೌರವದಿಂದ. “ಇಂಥಾ ಕೇಸು ನನಗೇ ಸಿಕ್ಕಿರ್ಲಿಲ್ಲ.”

ಮುಂಗಡಕ್ಕೆ ಬೇಕಾದ ಹಣ ಮನೆಯಲ್ಲೇ ಇತ್ತು. ಅಪ್ಪ ಸತ್ತಾಗ ಬಂದ ಇಡುಗಂಟನ್ನು ಅಮ್ಮ ಎಂದೋ ಅವನ ಕೈಗಿತ್ತು, “ನೀನೇ ಜಾಣ, ಎಲ್ಲಾದ್ರೂ ಬೆಳೆಯೋ ಕಡೆ ಹಾಕು” ಎಂದಿದ್ದಳು. ಅವನು ಹಾಕಿದ. ಉಳಿದದ್ದಕ್ಕೆ ಬ್ಯಾಂಕು ಇತ್ತು. ಹೀಗೆ ಅಪ್ಪನ ಸಾವಿನಿಂದ ಬಂದ ಹಣದಲ್ಲಿ ಅಮ್ಮನ ನೆಲವನ್ನು ಮಗ ಕೊಂಡ. ಅಮ್ಮನಿಗೆ ಅಚ್ಚರಿಯಾಗಲಿ, ಈಗಲೇ ಹೇಳಬೇಡಿ ಎಂದು ಹಳೆಯ ಯಜಮಾನರಿಂದ ಮಾತು ತೆಗೆದುಕೊಂಡ. ಹೊಸ ಓನರ್ ಬೇರೆ ಊರಿನಲ್ಲಿದ್ದಾರೆ, ವ್ಯವಹಾರವೆಲ್ಲ ತನ್ನ ಮೂಲಕ ಎಂದು ಮೇಷ್ಟ್ರ ಕಡೆಯವನೊಬ್ಬ ಬಂದು ಅಮ್ಮನಿಗೆ ಹೇಳಿಹೋದ.

ಮೊದಲು ಬಂದದ್ದು ಒಳ್ಳೆಯ ಸುಧಾರಣೆ. ಸೋರುತ್ತಿದ್ದ ನಲ್ಲಿ ಸರಿಯಾಯಿತು, ಗೋಡೆಗೆ ಸುಣ್ಣವಾಯಿತು. ಎರೆಹುಳ ಕಾಣುವುದು ಮೊದಲು, ಗಾಳ ಕಾಣುವುದು ಆಮೇಲೆ.

“ಯಾರೋ ಪುಣ್ಯಾತ್ಮ ಮಗಾ,” ಎಂದಳು ಅಮ್ಮ ಅವನಿಗೆ ಬಡಿಸುತ್ತ. “ಕೇಳ್ದೇನೇ ಮಾಡಿಸ್ಕೊಡ್ತಿದಾನೆ. ಅವನನ್ನ ಹೆತ್ತ ಹೊಟ್ಟೆ ತಣ್ಣಗಿರ್ಲಿ.”

ಜಾಣ ತುತ್ತು ನುಂಗಿದ. ಅದು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ಕಥೆಗಳಲ್ಲಿ ಪಾಪಿಗಳ ಗಂಟಲಲ್ಲಿ ಅನ್ನ ಸಿಕ್ಕಿಕೊಳ್ಳುತ್ತದೆ; ಬಾಳಿನಲ್ಲಿ ಸರಾಗವಾಗಿ ಇಳಿಯುತ್ತದೆ.

ಅನಂತರ ಗಾರೆಯವನು ಬಂದ, ಅವನ ಜೊತೆ ಬಡಗಿ. ಅಡುಗೆಮನೆಯ ಬಾಗಿಲು ಇಕ್ಕಟ್ಟಾಗಿದೆಯೆಂದು ಕೀಲುಗಳನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿದರು. ಒಳಕ್ಕೆ ತೆರೆಯುತ್ತಿದ್ದದ್ದು ಹೊರಕ್ಕೆ ತೆರೆಯತೊಡಗಿತು. ಅದೇ ಸಂಜೆ ಅಮ್ಮನ ಹಣೆ ಬಾಗಿಲಿನ ಅಂಚಿಗೆ ಬಡಿಯಿತು. ಸ್ವಿಚ್ಚು ಎಡಗೋಡೆಯಿಂದ ಬಲಗೋಡೆಗೆ ಹೋಯಿತು. ಕಾಣದವಳಿಗೆ ಸ್ವಿಚ್ಚೇಕೆ ಎಂದರೆ, ನೆರೆಯವರು ಬಂದಾಗ ದೀಪ ಹಾಕಬೇಕಲ್ಲ. ಅವಳ ಗುಟ್ಟು ಉಳಿದದ್ದು ಆ ಸ್ವಿಚ್ಚಿನ ಮೇಲೆ. ಈಗ ಇಸ್ತ್ರಿ ಅಂಗಡಿಯಾಕೆ ಬಂದು ಕತ್ತಲಲ್ಲಿ ನಿಂತು, “ಯಾಕ್ರೀ, ಕರೆಂಟು ಉಳಿಸಿ ಗಂಟು ಕಟ್ತಿದೀರಾ?” ಎಂದು ನಗುವಾಗ, ಅಮ್ಮನ ಬೆರಳುಗಳು ಬರಿಗೋಡೆಯ ಮೇಲೆ ಹುಳುವಿನಂತೆ ಹರಿದಾಡುತ್ತಿದ್ದವು. ಸವೆದ ಹೊಸಿಲು ಹೋಗಿ ನುಣುಪು ಟೈಲ್ಸ್ ಬಂತು. ಜಾಣನ ಅಂಗಡಿಯದೇ ಮಾಲು. ನೌಕರರಿಗೆ ರಿಯಾಯಿತಿ ಇತ್ತು.

ಗೂಡನ್ನು ಕಿತ್ತ ದಿನದ ಮಾತನ್ನು ಹೇಳಲೇಬೇಕು. ಜಾಣ ಅಂಗಡಿಯಿಂದ ಬೇಗ ಬಂದಿದ್ದ. ಅಮ್ಮ ಅಡುಗೆಮನೆಯಲ್ಲಿ ಉಪ್ಪು ಹುಡುಕುತ್ತಿದ್ದಳು. ಗಾರೆಯವನು ಹಳೆಯ ಗೂಡನ್ನು ಮುಚ್ಚಿ, ಎದುರುಗೋಡೆಯಲ್ಲಿ ಸೊಗಸಾದ ಕಪಾಟು ಕೂರಿಸಿ ಹೋಗಿದ್ದ. ಅವಳ ಕೈ ಹಳೆಯ ಜಾಗಕ್ಕೆ ಹೋಯಿತು, ಹಸಿಗಾರೆ ತಾಗಿತು. ಮೇಲೆ ಹೋಯಿತು, ಕೆಳಗೆ ಹೋಯಿತು. ಒಲೆಯ ಮೇಲಿನ ಪಾತ್ರೆ ಉಕ್ಕಿ ಸುರಿಯಿತು. ಬಾಗಿಲಲ್ಲಿ ನಿಂತಿದ್ದ ಮಗ ‘ಹಿಂದೆ ಇದೆ ಅಮ್ಮ’ ಎಂದು ಮೂರು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲು ಬಾಯಿಯನ್ನೂ ತೆರೆದ. ಆಗ ಮೇಷ್ಟ್ರ ಮಾತು ನೆನಪಾಯಿತು: ‘ಹೊಸ ಜಾಗ ರೂಢಿ ಆಗೋಕೆ ಬಿಟ್ಟೆಯೋ, ಕೆಟ್ಟೆ.’ ಅವನು ಬಾಯಿ ಮುಚ್ಚಿದ. ಮುಚ್ಚಿದ್ದಷ್ಟೇ ಅಲ್ಲ, ತಾನಿರುವುದು ತಿಳಿಯದಿರಲೆಂದು ಉಸಿರನ್ನೂ ಬಿಗಿಹಿಡಿದ. ಅವಳು ಗೋಡೆಗೆ ಹಣೆಯಿಟ್ಟು ಅಳತೊಡಗಿದಾಗ, ತುದಿಗಾಲಲ್ಲಿ ಹೊರಗೆ ಹೋಗಿ, ಆಮೇಲೆ ಬೀದಿಬಾಗಿಲನ್ನು ಸದ್ದು ಮಾಡಿ ತೆರೆದು, “ಅಮ್ಮಾ, ಬಂದೆ!” ಎಂದು ಕೂಗಿದ. ಅವಳು ಕಣ್ಣೊರೆಸಿಕೊಂಡು, “ಬಂದ್ಯಾ ಮಗಾ? ಕೈಕಾಲು ತೊಳ್ಕೋ” ಎಂದಳು. ಅವನು ತೊಳೆದುಕೊಂಡ.

ಹರಕೆ ಈಗ ಶಾಪವಾಗಿತ್ತು. “ಯಾವ ಮುಂಡೇಗಂಡನೋ ಅವನು, ಕಣ್ಣಲ್ಲಿ ನೆತ್ತರಿಲ್ಲದೋನು” ಎನ್ನುತ್ತಿದ್ದಳು ಊಟದ ಹೊತ್ತಿಗೆ. “ಅವನ ಕೈಗೆ ಹಾವು ಕಡೀಲಿ, ಅವನ ಮನೆ ಗುಡಿಸಿ ಗುಂಡಾಂತರ ಆಗ್ಲಿ.” ಆದರೆ ಪ್ರತಿಸಲವೂ ಕೊನೆಗೆ ತಡೆದು, “ಪಾಪ, ಹೆತ್ತವಳು ಏನು ಕರ್ಮ ಮಾಡಿದ್ಲೋ. ಅವಳಿಗೆ ತಟ್ಟದಿರ್ಲಿ” ಎಂದು ಸೇರಿಸುತ್ತಿದ್ದಳು. ಜಾಣ, “ಬೇಡ ಬಿಡಮ್ಮ, ಈ ರಗಳೆ. ದೊಡ್ಡಮ್ಮನ ಮನೆಗೆ ಹೋಗಿರು, ನಾನು ಎಲ್ಲಾದ್ರೂ ರೂಮು ನೋಡ್ಕೋತೀನಿ” ಎನ್ನುತ್ತಿದ್ದ.

“ಹೋಗಲ್ಲ. ನನ್ನ ಹೆಣ ಹೋಗ್ಬೇಕು ಇಲ್ಲಿಂದ.” ಆಮೇಲೆ ನಗುತ್ತಿದ್ದಳು. “ಇಲ್ಲಿ ಮೆಟ್ಟಿಲು ಇನ್ನೂ ನನ್ನದೇ ಇದೆಯಲ್ಲ. ಮೇಲೆ ಹೋಗಿ ಕೂತ್ಬಿಟ್ರೆ ನನಗೆ ಯಾರ ಹಂಗು?”

ಅವಳೇ ದಾರಿ ತೋರಿದಂತಾಯಿತು. ಮರದ ಮೆಟ್ಟಿಲು ಶಿಥಿಲವಾಗಿದೆ, ಕಡಿದಾಗಿದೆ, ವಯಸ್ಸಾದವರಿಗೆ ಅಪಾಯ ಎಂದು ಓನರ್ ಚಿಂತಿಸುತ್ತಿದ್ದಾರೆಂಬ ಸುದ್ದಿ ಬಂತು. ಅವಳನ್ನು ಒಂದು ವಾರ ದೊಡ್ಡಮ್ಮನ ಮನೆಯಲ್ಲಿ ಬಿಟ್ಟು (ಜ್ವರವೆಂದು ಹೇಳಿ ಹಾಸಿಗೆ ಬಿಡದೆ ಅವಳು ಅಲ್ಲಿ ಗುಟ್ಟು ಉಳಿಸಿಕೊಂಡಳು), ಹಳೆಯ ಮೆಟ್ಟಿಲನ್ನು ಕಿತ್ತು ಹೊಸದನ್ನು ಕಟ್ಟಿಸಿದರು. ಚಂದದ ಮೆಟ್ಟಿಲು. ಒಂದೊಂದರ ಎತ್ತರ ಸ್ವಲ್ಪ ಕಡಿಮೆ. ಆದ್ದರಿಂದ ಒಟ್ಟಿಗೆ ಒಂದು ಮೆಟ್ಟಿಲು ಹೆಚ್ಚು. ಇದು ಯಾರ ಉಪಾಯವೆಂದು ಗಾರೆಯವನು ಮೇಷ್ಟ್ರನ್ನು ಕೇಳಿದಾಗ ಮೇಷ್ಟ್ರು, “ಓನರ್ರದ್ದೇ. ಹಿರಿಯರು ಅಂದ್ರೆ ಅವರಿಗೆ ಪ್ರಾಣ” ಎಂದನಂತೆ.

ಅಮ್ಮ ಹಿಂದಿರುಗಿದಳು. ಹೊಸದೆಂದು ಗೊತ್ತಿದ್ದರಿಂದ ಎಚ್ಚರದಿಂದಲೇ ಹತ್ತಿದಳು, ಇಳಿದಳು, ಎಣಿಸಿದಳು. ಆದರೆ ಎಣಿಕೆ ತಲೆಯದು, ನಡಿಗೆ ಕಾಲಿನದು; ಇಡೀ ಒಂದು ಬಾಳಿನ ರೂಢಿ ಒಂದು ವಾರಕ್ಕೆ ಅಳಿಯುವುದಿಲ್ಲ. ಮೂರನೆಯ ದಿನ ಬೀದಿಯಲ್ಲಿ ಉಣ್ಣೆಯಂಗಡಿಯವರ ಸದ್ದು ಕೇಳಿ, ಹೆಣೆದ ಸ್ವೆಟರ್‌ಗಳನ್ನು ತೋಳಿನ ತುಂಬ ತುಂಬಿಕೊಂಡು ಅವಸರದಲ್ಲಿ ಇಳಿದಳು. ಕಾಲು ತನ್ನ ಹಳೆಯ ಲೆಕ್ಕದಂತೆ ನೆಲ ಸಿಕ್ಕಿತೆಂದುಕೊಂಡು ಮುಂದಕ್ಕೆ ಚಾಚಿತು. ನೆಲ ಇನ್ನೂ ಒಂದು ಮೆಟ್ಟಿಲು ಕೆಳಗಿತ್ತು.

ಬಲಗೈಯ ಮಣಿಕಟ್ಟು ಮುರಿಯಿತು. ಉಣ್ಣೆಯಂಗಡಿಯವರು ಎತ್ತಿ ಕೂರಿಸಿದರು. ಚದುರಿ ಬಿದ್ದ ಸ್ವೆಟರ್‌ಗಳಿಗಾಗಿ ಅವಳ ಎಡಗೈ ನೆಲವನ್ನು ತಡಕುತ್ತಿದ್ದುದನ್ನೂ, ಕಣ್ಣೆದುರಿಗೇ ಇದ್ದದ್ದನ್ನು ದಾಟಿ ಹೋಗುತ್ತಿದ್ದುದನ್ನೂ ನೋಡಿದರು. ಸ್ವೆಟರ್‌ಗಳನ್ನು ತಾವೇ ಎತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ.

ಅಂದು ಸಂಜೆ ಜಾಣ ಬಂದಾಗ ಅಮ್ಮ ಕೆಳಗಿನ ಕುರ್ಚಿಯಲ್ಲಿ ಕೂತಿದ್ದಳು. ಕೈಗೆ ಪಟ್ಟಿ ಕಟ್ಟಿತ್ತು. ಇಸ್ತ್ರಿ ಅಂಗಡಿಯಾಕೆ ಹೊರಡುತ್ತಿದ್ದಳು. “ಅಲ್ಲಾ ಮಾರಾಯ್ತಿ, ಇಂಥಾ ಒಳ್ಳೇ ಮೆಟ್ಟಿಲಲ್ಲಿ ಹೇಗೆ ಬಿದ್ರಿ? ನನ್ನ ಮಂಡಿಗೇ ಎಷ್ಟು ಹಿತವಾಗಿದೆ!” ಎನ್ನುತ್ತ ಹೋದಳು.

“ಕೂತ್ಕೋ,” ಎಂದಳು ಅಮ್ಮ.

ಅವನು ಕೂತ.

“ಅವಳು ಹೇಳಿದ್ದು ಕೇಳಿದ್ಯಲ್ಲ. ಒಳ್ಳೇ ಮೆಟ್ಟಿಲು. ಕಣ್ಣಿರೋರಿಗೆ ಒಳ್ಳೇದೇ. ಬಾಗಿಲು ಆ ಕಡೆ ತಿರುಗಿದ್ರೆ ಕಣ್ಣಿರೋರಿಗೇನು? ಏನಿಲ್ಲ. ಸ್ವಿಚ್ಚು ಆ ಗೋಡೆಗೆ ಹೋದ್ರೆ? ಏನಿಲ್ಲ. ಉಪ್ಪಿನ ಗೂಡು ಹೋಗಿ ಕಪಾಟು ಬಂದ್ರೆ? ಚಂದವೇ.”

“ಏನೋ ಆಕಸ್ಮಿಕ ಅಮ್ಮ.”

“ಒಂದಾದ್ರೆ ಆಕಸ್ಮಿಕ. ನಾನು ಸ್ವೆಟರ್ ಹೆಣೆಯೋಳು ಮಗಾ. ಅಂದಾಜಿಗೆ ಹೆಣೆದದ್ದು ಯಾವ್ದು, ಮೈ ಅಳತೆ ತಗೊಂಡು ಹೆಣೆದದ್ದು ಯಾವ್ದು ಅಂತ ನನ್ನ ಕೈಗೆ ಗೊತ್ತಾಗತ್ತೆ. ಇದು ಅಳತೆ ತಗೊಂಡು ಮಾಡಿದ್ದು. ಬೇರೆ ಯಾರಿಗೂ ಆಗಲ್ಲ, ನನ್ನೊಬ್ಬಳಿಗೇ ಸರಿಹೊಂದತ್ತೆ.” ಅವಳು ಮುಖವನ್ನು ಅವನ ಉಸಿರಿನ ಕಡೆಗೆ ತಿರುಗಿಸಿದಳು. “ಆ ಓನರ್ ನನ್ನ ಮುಖ ನೋಡಿಲ್ಲ. ನನಗೆ ಕಣ್ಣಿಲ್ಲ ಅಂತ ಅಕ್ಕನಿಗೆ ಗೊತ್ತಿಲ್ಲ, ಬೀದಿಗೆ ಗೊತ್ತಿಲ್ಲ. ಅವನಿಗೆ ಈ ಅಳತೆ ಕೊಟ್ಟೋರು ಯಾರು?”

ಹೊರಗೆ ಇಸ್ತ್ರಿ ಪೆಟ್ಟಿಗೆಯ ಸದ್ದು ಕೇಳುತ್ತಿತ್ತು. ಜಾಣನಿಗೆ ನೂರು ಉತ್ತರ ಹೊಳೆದವು, ಅವನು ಮಾರಾಟಗಾರ. ಆದರೆ ಗಿರಾಕಿ ಬೆಲೆ ತಿಳಿದೇ ಬಂದಾಗ ಯಾವ ಮಾತೂ ನಡೆಯುವುದಿಲ್ಲ.

“ನಿನಗೋಸ್ಕರಾನೇ ಅಮ್ಮ,” ಎಂದ. “ಇದನ್ನ ಮಾರಿದ್ರೆ ಎರಡು ತಗೋಬಹುದು. ಎರಡು ನಾಲ್ಕಾಗತ್ತೆ. ಆಮೇಲೆ ನಿನ್ನನ್ನ ರಾಣಿ ಹಾಗೆ...”

ಅವಳು ಎಡಗೈ ಎತ್ತಿದಳು. ಹೊಡೆಯುತ್ತಾಳೆಂದು ಅವನು ಮುಖ ಹಿಂದಕ್ಕೆ ತೆಗೆದ. ಹೊಡೆದಿದ್ದರೆ ಅವನಿಗೆ ಬದುಕುವ ದಾರಿಯೊಂದು ಉಳಿಯುತ್ತಿತ್ತು. ಅವಳು ಸೆರಗನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳಷ್ಟೇ, ಅಪರಿಚಿತ ಗಂಡಸಿನ ಮುಂದೆ ಸರಿಪಡಿಸಿಕೊಳ್ಳುವಂತೆ.

“ಯಾವತ್ತು ಖಾಲಿ ಮಾಡ್ಬೇಕು ಓನರ್ರೇ? ಹೇಳಿ, ಮಾಡ್ಕೊಡ್ತೀನಿ.”

ಆ ಗೌರವವನ್ನು ಅವನು ಅಮ್ಮನ ಬಾಯಿಂದ ಎಂದೂ ಕೇಳಿರಲಿಲ್ಲ. ಮೈಮೇಲೆ ಬಿಸಿನೀರು ಹೊಯ್ದಂತಾಯಿತು. ಆದರೆ ಸತ್ಯವನ್ನು ಪೂರ್ತಿ ಹೇಳಬೇಕು: ಆ ಉರಿಯ ಅಡಿಯಲ್ಲೇ, ತಣ್ಣಗೆ, ಇನ್ನೊಂದು ಯೋಚನೆ ಹೆಡೆಯೆತ್ತಿತು. ಇನ್ನು ಅವಳನ್ನು ಒಪ್ಪಿಸಬೇಕಾಗಿಲ್ಲ. ಮುಂದಿನ ಕಂತಿನೊಳಗೆ ಮನೆ ಖಾಲಿ.

ಅಮ್ಮ ತಾನೇ ಅಕ್ಕನಿಗೆ ಕಣ್ಣಿನ ಗುಟ್ಟು ಹೇಳಿ ಕಳುಹಿಸಿದಳು; ದೊಡ್ಡಮ್ಮ ಬಂದು ಕರೆದೊಯ್ದಳು. “ಕಣ್ಣು ಹೋಗಿದೆ ಅಂತ ಒಂದು ಮಾತು ಹೇಳ್ಲಿಲ್ವಲ್ಲೇ, ನಾನೇನು ಸತ್ತಿದ್ನಾ?” ಎಂದು ದಾರಿಯುದ್ದಕ್ಕೂ ಅತ್ತಳು. ಜಾಣನ ಕಡೆ ತಿರುಗಿ, “ನೀನೆಂಥಾ ಗಂಡಸೋ, ಆ ಓನರ್ ಕುತ್ತಿಗೆಪಟ್ಟಿ ಹಿಡಿದು ಕೇಳೋಕಾಗ್ಲಿಲ್ವಾ?” ಎಂದಳು.

“ಬಿಡಕ್ಕಾ,” ಎಂದಳು ಅಮ್ಮ. “ಅವರಿಬ್ರೂ ಒಬ್ರಿಗೊಬ್ರು ಚೆನ್ನಾಗಿದಾರೆ.”

ಹೊರಡುವಾಗ ಜಾಣ ತೋಳು ಚಾಚಿದ. ಅವಳು ಅಕ್ಕನ ತೋಳು ಹಿಡಿದಳು. ಗೋಡೆಯನ್ನೂ ಬಾಗಿಲನ್ನೂ ಒಮ್ಮೆ ಸವರಿ ಹೋಗುತ್ತಾಳೆಂದು ಅವನು ನಿರೀಕ್ಷಿಸಿದ್ದ. ಅವಳು ಯಾವುದನ್ನೂ ಮುಟ್ಟಲಿಲ್ಲ. ಅಲ್ಲಿ ಅವಳ ಕೈಗೆ ಗುರುತಿನದೆಂಬುದು ಏನೂ ಉಳಿದಿರಲಿಲ್ಲ.

ಮನೆ ಪೂರ್ತಿ ಬೆಲೆಗೆ ಮಾರಾಟವಾಯಿತು. ಅದನ್ನು ಕೊಂಡ ಔಷಧಿ ಅಂಗಡಿಯವನು ಮೊದಲು ಮಾಡಿದ ಕೆಲಸ ಆ ಮೆಟ್ಟಿಲನ್ನು ಒಡೆಸಿದ್ದು. ಅವನಿಗೆ ಮಹಡಿ ಬೇಕಿರಲಿಲ್ಲ.

ಮೇಷ್ಟ್ರು ಜಾಣನನ್ನು ವೇದಿಕೆಗೆ ಕರೆದು ಹೆಗಲ ಮೇಲೆ ಕೈಹಾಕಿದ. “ಮೊದಲ ಮನೆ! ಮೂವತ್ತಕ್ಕೆ ಎಷ್ಟು ಮುಂಚೆ ನೋಡಿ!” ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಒಳಗೆ ಯಾರಿದ್ರು ಸರ್?”

“ಒಬ್ರು ವಯಸ್ಸಾದ ಹೆಂಗಸು.”

“ಕಷ್ಟ ಆಗ್ಲಿಲ್ವಾ?”

“ಇಲ್ಲ,” ಎಂದ ಜಾಣ. “ಮೊದಲು ಬಾಡಿಗೆದಾರರ ನಂಬಿಕೆ ಗಳಿಸ್ಬೇಕು.” ಹುಡುಗಿ ಅದನ್ನು ಬರೆದುಕೊಂಡಳು.

ಕೆಲವು ತಿಂಗಳ ಮೇಲೆ ಅವನು ದೊಡ್ಡಮ್ಮನ ಮನೆಗೆ ಹೋದ. ಮಾರಿದವನು ಯಾರೆಂಬುದು ಅಷ್ಟರಲ್ಲಿ ಬೀದಿಗೂ ತಿಳಿದಿತ್ತು, ದೊಡ್ಡಮ್ಮನಿಗೂ ತಿಳಿದಿತ್ತು. ಅವಳು ಬಾಗಿಲು ತೆರೆದು, ಬಾ ಎನ್ನದೆ, ಪಕ್ಕಕ್ಕೆ ಸರಿದು ನಿಂತಳು. ಹಿಂಗೋಣೆಯಲ್ಲಿ ಅಮ್ಮ ಕುರ್ಚಿಯ ಮೇಲಿದ್ದಳು. ಬೆಳಿಗ್ಗೆ ಕೂರಿಸಿದಲ್ಲಿ ಸಂಜೆಯವರೆಗೆ ಕೂತಿರುತ್ತಾಳೆ, ಎದ್ದರೆ ಎಲ್ಲಿ ಏನು ತಾಗುತ್ತದೋ ಎಂದು ಏಳುವುದಿಲ್ಲ ಎಂದು ಹೆಜ್ಜೆಗುರುತು ಬೀಳದ ನೆಲವೇ ಹೇಳುತ್ತಿತ್ತು. ಮಣಿಕಟ್ಟು ಸೊಟ್ಟಗೆ ಕೂಡಿತ್ತು. ಮಡಿಲಲ್ಲಿ ಉಣ್ಣೆ ಇತ್ತು. ಯಾವ ಅಂಗಡಿಗೂ ಅಲ್ಲ, ಸುಮ್ಮನೆ.

ಅವನ ಹೆಜ್ಜೆಯ ಸದ್ದನ್ನು ಬೀದಿಯ ತಿರುವಿನಿಂದಲೇ ಗುರುತಿಸುತ್ತಿದ್ದವಳು ಈಗ ತಲೆಯೆತ್ತಲಿಲ್ಲ. “ಓನರ್ರು ಬಂದಿದಾರೆ. ಕುರ್ಚಿ ಕೊಡಕ್ಕಾ” ಎಂದಳು.

“ಅಮ್ಮಾ, ನಿನಗೇ ಅಂತ ಒಂದು ಫ್ಲಾಟು ನೋಡಿದೀನಿ,” ಎಂದು ಅವನು ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟ. “ನೆಲಮಟ್ಟದಲ್ಲಿದೆ. ಒಂದೂ ಮೆಟ್ಟಿಲಿಲ್ಲ.”

ಅವಳು ಬೀಗದಕೈಯನ್ನು ಬೆರಳಲ್ಲಿ ತಿರುವಿ ನೋಡಿದಳು. “ಒಳಗೆ ಯಾರಿದಾರೆ?”

“ಯಾರೂ ಇಲ್ಲಮ್ಮ. ಖಾಲಿ.”

“ಖಾಲಿ ಇತ್ತೋ, ಖಾಲಿ ಮಾಡ್ಸಿದ್ರೋ?”

ಅವಳು ಬೀಗದಕೈಯನ್ನು ಮುಂದಕ್ಕೆ ಚಾಚಿದಳು. ಅವನು ತೆಗೆದುಕೊಳ್ಳದಿದ್ದಾಗ ಬೆರಳು ಸಡಿಲಿಸಿದಳು. ಅದು ನೆಲಕ್ಕೆ ಬಿದ್ದು ಸದ್ದಾಯಿತು.

ಆಮೇಲೆ ಅವಳು ಮಡಿಲಿನಿಂದ ಹೊಸ ಉಂಡೆಯೊಂದನ್ನು ಎತ್ತಿ ಹಿಡಿದು ಕೇಳಿದಳು: “ಇದು ಯಾವ ಬಣ್ಣ?”

ಹಳೆಯ ರೂಢಿ, ಜಾಣನ ಬಾಯಿಂದ ತಾನಾಗಿ ಬಂತು. “ಕೆಂಪು ಅಮ್ಮ.”

ಕಡ್ಡಿಗಳು ಅಲುಗಲಿಲ್ಲ. ಅವಳು ಉಂಡೆಯನ್ನು ಹಾಗೆಯೇ ಹಿಡಿದುಕೊಂಡು, ಮುಖವನ್ನು ಬಾಗಿಲ ಕಡೆ ತಿರುಗಿಸಿ ಕಾದಳು. ದೊಡ್ಡಮ್ಮ ಒಳಗೆ ಬಂದಳು. ಅವನನ್ನು ನೋಡಿದಳು, ಉಂಡೆಯನ್ನು ನೋಡಿದಳು.

“ಕೆಂಪು ಕಣೇ,” ಎಂದಳು ದೊಡ್ಡಮ್ಮ.

“ಹೌದಾ ಅಕ್ಕಾ,” ಎಂದು ಅಮ್ಮ ಹೆಣೆಯತೊಡಗಿದಳು.